ಯೂನಿಟ್ ಇಲ್ಲದ ಉತ್ತರ, ಮೂಲ ಇಲ್ಲದ ಮೆಸೇಜ್

ನಮ್ಮ ಕನ್ನಡ ಬಳಗದಲ್ಲಿ ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆಯವರು ಸಾಕಷ್ಟು ಜನ ಇದ್ದೀವಿ. ನಮ್ಮಲ್ಲಿ ಬಹಳ ಮಂದಿ ಓದಿದ್ದು ಇಂಗ್ಲಿಷ್ ಮೀಡಿಯಂ. ನಿಜ ಹೇಳಬೇಕಂದ್ರೆ, ಹಾಸ್ಟೆಲ್‌ಗೆ ಬಂದ ಮೇಲೆ ನಾವು ದಿನಾ ಓದೋ ಕನ್ನಡ ಅಂದ್ರೆ ಊರಿನ ವಾಟ್ಸ್‌ಆ್ಯಪ್ ಗ್ರೂಪಿನ ಕನ್ನಡ. ಹಂಗಾಗಿ ಈ ಸಲದ ಸಂಚಿಕೆಗೆ ಅದನ್ನೇ ಒಂದು ಪಾಠದ ಹಾಗೆ ಓದೋಣ ಅಂತ ಕೂತೆವು. ಸಿಲಬಸ್ ಚಿಕ್ಕದು: ನೆರೆಹೊರೆಯವರು ಗ್ರೂಪಿನಲ್ಲಿ ಆಡೋ ಮಾತನ್ನ ಹೆಂಗೆ ಓದಬೇಕು, ನಾವು ಬರೆಯುವಾಗ ಏನು ಸೇರಿಸಬೇಕು.

ಫಿಸಿಕ್ಸ್ ಲ್ಯಾಬ್‌ನಲ್ಲಿ ಉತ್ತರ 9.8 ಅಂತ ಬರೆದು ಬಿಟ್ಟರೆ ಮೇಡಂ ಏನು ಕೇಳ್ತಾರೆ? "9.8 ಏನು? ಮೀಟರೋ, ಮಾವಿನ ಹಣ್ಣೋ?" ಸಂಖ್ಯೆ ಸರಿ ಇದ್ದರೂ ಯೂನಿಟ್ ಇಲ್ಲದಿದ್ದರೆ ಮಾರ್ಕ್ಸ್ ಇಲ್ಲ. ಊರಿನ ಗ್ರೂಪಿನ ಜಗಳಗಳಲ್ಲಿ ಬಹಳಷ್ಟು ಹುಟ್ಟೋದು ಇಲ್ಲಿಂದಲೇ. ಮೆಸೇಜಿನಲ್ಲಿ ಸುಳ್ಳು ಇರಬೇಕಂತಿಲ್ಲ, ಯೂನಿಟ್ ಬಿದ್ದುಹೋಗಿರ್ತದೆ. ಯಾರು ಹೇಳಿದ್ದು, ಯಾವತ್ತು, ಎಲ್ಲಿ, ಯಾವ ಲೆಕ್ಕದ ಮೇಲೆ: ಈ ನಾಲ್ಕು ಬಿದ್ದುಹೋದರೆ ನಿಜವೂ ಸುಳ್ಳಿನ ಕೆಲಸ ಮಾಡ್ತದೆ. ಈ ಪಾಠದಲ್ಲಿ ನಾವು ಹೇಳೋದು ಇಷ್ಟೇ.

ಗ್ರೂಪಿನಲ್ಲಿ ಏನಿರ್ತದೆ?

ಕುಲಗೋಡದಂಥ ಒಂದು ಊರನ್ನ ಹಿಡಿಯೋಣ. ಮೊದಲು ಗೋಕಾಕ ತಾಲ್ಲೂಕು, ಈಗ ಮೂಡಲಗಿ ತಾಲ್ಲೂಕು, ಬೆಳಗಾವಿ ಜಿಲ್ಲೆ. ಇಂಥ ಊರಿನ ಗ್ರೂಪಿನಲ್ಲಿ ಒಂದು ಮುಂಜಾನೆ ಹೆಂಗಿರ್ತದೆ ಅಂತ ತೋರಿಸೋಕೆ ಈ ಮೆಸೇಜ್‌ಗಳನ್ನ ನಾವೇ ಕಟ್ಟಿದ್ದೀವಿ. ನಿಮ್ಮ ಊರಿನವೂ ಇದಕ್ಕಿಂತ ಬೇರೆ ಇರಲಿಕ್ಕಿಲ್ಲ:

"ಇವತ್ತ ನೀರ ಬಿಡ್ತಾರೇನ್ರಿ?"
"ನಮ್ಮ ಓಣಿಗಿ ಇನ್ನಾ ಬಂದಿಲ್ಲರಿ ಅಣ್ಣಾರ."
"ಟಿ.ಸಿ. ಸುಟ್ಟೈತಿ. ಲೈನ್‌ಮನ್‌ಗ ಯಾರರ ಫೋನ್ ಮಾಡ್ರಿ."
"ಕಬ್ಬ ಕಡಿಯೋ ಗ್ಯಾಂಗ್ ಯಾವ ಕಡೆ ಐತಿ?"
"ಕಾಕಾ, ನಿಮ್ಮ ಎಮ್ಮಿ ನಮ್ಮ ಹಿತ್ತಲದಾಗ ಐತಿ, ಬಂದ ಹೊಡಕೊಂಡ ಹೋಗ್ರಿ."

ಆಮೇಲೆ ಒಂದು ಗುಡ್ ಮಾರ್ನಿಂಗ್ ಹೂವು, ಒಂದು ಹುಟ್ಟುಹಬ್ಬ, ಒಬ್ಬ ನಾಯಕರ ಫೋಟೋ, ಅದರ ಕೆಳಗೆ ಇನ್ನೊಂದು ಪಕ್ಷದವರ ನಗುವ ಎಮೋಜಿ. ಟೈಪ್ ಮಾಡೋಕೆ ಬರದ ಹಿರಿಯರು ವಾಯ್ಸ್ ಕಳಿಸ್ತಾರೆ. ಹಿಂದೆ ಹುಂಜ ಕೂಗೋದೂ ಕೇಳಿಸ್ತದೆ. ಹೊರಗಿನವರಿಗೆ ಇದು ಬರೀ ಹರಟೆ. ಊರಿನಿಂದ ದೂರ ಇರೋ ನಮಗೆ ಮಾತ್ರ ಇದು ಊರಿನ ನಾಡಿ ಹಿಡಿದು ನೋಡಿದ ಹಾಗೆ.

ಗಮನಿಸಿ, ಎಮ್ಮಿಯ ಮೆಸೇಜಿನಲ್ಲಿ ಯೂನಿಟ್ ಪೂರ್ತಿ ಇದೆ. ಯಾರ ಎಮ್ಮಿ, ಎಲ್ಲಿದೆ, ಏನು ಮಾಡಬೇಕು, ಎಲ್ಲಾ ಒಂದೇ ಸಾಲಿನಲ್ಲಿ. ನೆರೆಯವರ ಮಾತು ಸಹಜವಾಗಿ ಹಿಂಗೇ ಇರ್ತದೆ. ಕಣ್ಣಾರೆ ಕಂಡಿದ್ದನ್ನ, ಹೆಸರು ಹಿಡಿದು ಹೇಳಿರ್ತಾರೆ. ತೊಂದರೆ ಶುರುವಾಗೋದು ಹೊರಗಿನಿಂದ ಬಂದ ಸಂಖ್ಯೆ, ಹೊರಗಿನಿಂದ ಬಂದ ವಿಡಿಯೊ ಒಳಗೆ ಸೇರಿದಾಗ.

ಕುಲಗೋಡಕ್ಕೆ ಸುದ್ದಿಯ ಈ ಗುಣ ಹೊಸದಲ್ಲ. ಶ್ರೀಕೃಷ್ಣ ಪಾರಿಜಾತ ಬಯಲಾಟ ಅಂದ ಕೂಡಲೆ ಕುಲಗೋಡ ತಮ್ಮಣ್ಣನವರ ಹೆಸರು ಬರ್ತದೆ. ಅದರ ಕಥೆ ಏನು? ನಾರದ ತಂದ ಒಂದು ಹೂವು ರುಕ್ಮಿಣಿಯ ಕೈ ಸೇರ್ತದೆ, ಆ ಸುದ್ದಿ ಸತ್ಯಭಾಮೆಯ ಮನೆ ಮುಟ್ತದೆ, ಅಲ್ಲಿಂದ ರಾದ್ಧಾಂತ. ಹೂವು ಒಂದೇ, ಸುದ್ದಿ ಮನೆಯಿಂದ ಮನೆಗೆ ಹೋಗುವಾಗ ಅದರ ತೂಕ ಬದಲಾಯಿತು. ಆಟದಲ್ಲಿ ದೂತಿ ಅಂತ ಒಂದು ಪಾತ್ರ ಇದೆ. ಅವಳು ಸುದ್ದಿ ಒಯ್ಯುವವಳು, ಭಾಗವತನ ಜೊತೆ ಆಡುಮಾತಿನಲ್ಲಿ ಚೇಷ್ಟೆ ಮಾಡುವವಳು. ಆದರೆ ದೂತಿ ರಂಗದ ಮೇಲೆ ಎಲ್ಲರ ಕಣ್ಣಿಗೆ ಕಾಣ್ತಾಳೆ. ಸುದ್ದಿ ತಂದವರು ಯಾರು ಅಂತ ನೋಡುವವರಿಗೆ ಗೊತ್ತು. ಫಾರ್ವರ್ಡ್ ಮೆಸೇಜಿನಲ್ಲಿ ದೂತಿ ಕಾಣೋದಿಲ್ಲ, ಸುದ್ದಿ ಮಾತ್ರ ಬಂದು ನಿಂತಿರ್ತದೆ.

ಪಾಠ 1: ಕಬ್ಬಿನ ದರ ಎಷ್ಟು?

2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಧರಣಿ ಕೂತರು. ಬೇಡಿಕೆ ಟನ್‌ಗೆ 3,500 ರೂಪಾಯಿ. ನವೆಂಬರ್ 7ಕ್ಕೆ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಸಭೆ ಆಗಿ 3,300 ರೂಪಾಯಿಗೆ ಬಂದು ನಿಂತಿತು. ಅದರ ಜೊತೆಗೇ ಓಡಾಡುತ್ತಿದ್ದ ಇನ್ನೊಂದು ಸಂಖ್ಯೆ 3,550. ಅದು ಕೇಂದ್ರ ಸರ್ಕಾರದ ಎಫ್‌ಆರ್‌ಪಿ.

ಈಗ ಒಂದು ಗ್ರೂಪಿನಲ್ಲಿ ಮೂವರು ಮೂರು ಸಂಖ್ಯೆ ಹಾಕಿದರು ಅಂತ ಇಟ್ಟುಕೊಳ್ಳಿ. "ಕೇಂದ್ರದವರು 3,550 ಕೊಟ್ಟಾರ, ನೀವು 3,300ಕ್ಕ ಯಾಕ ಒಪ್ಪಿದ್ರಿ?" ಅಂತ ಒಬ್ಬರು. "ಹೋರಾಟದಿಂದನ 3,300 ಆಗಿದ್ದು" ಅಂತ ಇನ್ನೊಬ್ಬರು. ಹತ್ತು ನಿಮಿಷದಲ್ಲಿ ಮಾತು ಪಕ್ಷಕ್ಕೆ ಹೋಗ್ತದೆ, ಹದಿನೈದಕ್ಕೆ ಮನೆತನಕ್ಕೆ. ಇಬ್ಬರೂ ಹೇಳಿದ ಸಂಖ್ಯೆ ಸರಿ ಇದೆ. ಯೂನಿಟ್ ಬೇರೆ ಬೇರೆ.

ಬನ್ನಿ, ಯೂನಿಟ್ ಹಾಕೋಣ. 2025-26ರ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ, ಅಂದ್ರೆ ಟನ್‌ಗೆ 3,550. ಇದು ಶೇ. 10.25 ರಿಕವರಿಗೆ. ರಿಕವರಿ ಅಂದ್ರೆ ನೂರು ಕೆಜಿ ಕಬ್ಬು ಅರೆದರೆ ಎಷ್ಟು ಕೆಜಿ ಸಕ್ಕರೆ ಬಂತು ಅನ್ನೋದು. ರಿಕವರಿ ಶೇ. 0.1 ಹೆಚ್ಚಾದ ಹಾಗೆಲ್ಲ ಕ್ವಿಂಟಲ್‌ಗೆ 3.46 ರೂಪಾಯಿ ಸೇರ್ತದೆ. ಹಂಗಾದ್ರೆ ಶೇ. 11.25 ರಿಕವರಿಗೆ ಲೆಕ್ಕ ಹೀಗೆ:

355 + (10 × 3.46) = 389.60 ರೂಪಾಯಿ ಕ್ವಿಂಟಲ್‌ಗೆ, ಅಂದ್ರೆ 3,896 ರೂಪಾಯಿ ಟನ್‌ಗೆ.

"ಅಯ್ಯೋ, ಇದು ಇನ್ನೂ ಜಾಸ್ತಿ ಆಯ್ತಲ್ಲ!" ಅನ್ನಬೇಡಿ. ಈ ದರದಲ್ಲಿ ಕಬ್ಬು ಕಡಿದು ಫ್ಯಾಕ್ಟರಿಗೆ ಸಾಗಿಸೋ ಖರ್ಚೂ ಸೇರಿದೆ. ಫ್ಯಾಕ್ಟರಿಯವರು ಗ್ಯಾಂಗ್ ಕಳಿಸಿ ಕಡಿಸಿದರೆ ಆ ಖರ್ಚನ್ನ ಬಿಲ್ಲಿನಲ್ಲಿ ಮುರಿದುಕೊಳ್ತಾರೆ. ಲೆಕ್ಕಕ್ಕೆ ಮಾತ್ರ ಟನ್‌ಗೆ 850 ರೂಪಾಯಿ ಅಂತ ಹಿಡಿಯೋಣ. 3,896ರಲ್ಲಿ 850 ಕಳೆದರೆ ರೈತರ ಕೈಗೆ 3,046. ರಿಕವರಿ ಶೇ. 10.25 ಇದ್ದರೆ ಕೈಗೆ 2,700. ನವೆಂಬರ್ 7ರ 3,300 ಇದೆಯಲ್ಲ, ಅದು ಶೇ. 11.25 ರಿಕವರಿಗೆ, ಕಟಾವು-ಸಾಗಣೆ ಬಿಟ್ಟು ಹೇಳಿದ ದರ. ಫ್ಯಾಕ್ಟರಿಯವರು ಒಪ್ಪಿದ್ದ 3,200ರ ಮೇಲೆ ಫ್ಯಾಕ್ಟರಿಯದು 50, ಸರ್ಕಾರದ್ದು 50 ಸೇರಿ ಅಷ್ಟಾಯಿತು. ಅಂದ್ರೆ 3,550 ಮತ್ತು 3,300 ಎರಡನ್ನೂ ಅಕ್ಕಪಕ್ಕ ಇಟ್ಟು ಯಾವುದು ದೊಡ್ಡದು ಅಂತ ಕೇಳೋದು, ಕಿಲೋಮೀಟರ್ ಮತ್ತು ಕಿಲೋಗ್ರಾಂ ಹೋಲಿಸಿದ ಹಾಗೆ.

ಇಲ್ಲಿ ಭಾಷೆಯ ತೊಡಕೂ ಒಂದಿದೆ. ಪೇಪರಿನಲ್ಲಿ ರಿಕವರಿಗೆ 'ಇಳುವರಿ' ಅಂತ ಬರೀತಾರೆ. ಹೊಲದಲ್ಲಿ 'ಇಳುವರಿ' ಅಂದ್ರೆ ಎಕರೆಗೆ ಎಷ್ಟು ಟನ್ ಅನ್ನೋದು. "ನನ್ನ ಇಳುವರಿ ಛಲೋ ಐತಿ, ಆದ್ರ ದರಾ ಯಾಕ ಕಡಿಮಿ?" ಅಂತ ಒಬ್ಬ ಕಾಕಾ ಕೇಳಿದರೆ ಅವರು ದಡ್ಡರಲ್ಲ. ಒಂದೇ ಪದ ಎರಡು ಅಳತೆಗೆ ನಿಂತಿದೆ, ಅಷ್ಟೇ. 'ಸಕ್ಕರೆ ಇಳುವರಿ', 'ಎಕರೆ ಇಳುವರಿ' ಅಂತ ಬಿಡಿಸಿ ಬರೆದರೆ ಅರ್ಧ ಜಗಳ ಅಲ್ಲೇ ಮುಗೀತದೆ.

ಈ ಲೆಕ್ಕ ಯಾಕೆ ಮುಖ್ಯ ಅಂದ್ರೆ, ಎಕರೆಗೆ 40 ಟನ್ ಬೆಳೆದವರಿಗೆ 3,500 ಮತ್ತು 3,300ರ ನಡುವೆ ಎಕರೆಗೆ 8,000 ರೂಪಾಯಿ ವ್ಯತ್ಯಾಸ. ನಮ್ಮಲ್ಲಿ ಕೆಲವರ ಸೆಮಿಸ್ಟರ್ ಫೀ ಕಟ್ಟೋದು ಕಬ್ಬಿನ ಬಿಲ್ ಬಂದ ಮೇಲೆನೇ. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳ್ತದೆ. ಗ್ರೂಪಿನಲ್ಲಿ ನೂರು ಎಮೋಜಿ ಹಾಕೋ ಬದಲು ಈ ಎರಡು ಸಂಖ್ಯೆ ಹಾಕಿದರೆ ಯಾರಾದರೂ ಅದನ್ನ ಹಿಡಿದು ಅರ್ಜಿ ಬರೆಯಬಹುದು.

ಪಾಠ 2: ಡ್ಯಾಂ ತುಂಬಿತು, ಊರು ಮುಳುಗ್ತದಾ?

ಮಳೆಗಾಲ ಬಂದರೆ ಗ್ರೂಪಿನ ವಿಷಯ ಬದಲು. "ಹಿಡಕಲ್ ಡ್ಯಾಂ 2,170 ಅಡಿ! ಹುಷಾರ್!" ಹಿಡಕಲ್ ಡ್ಯಾಂ ಇರೋದು ಹುಕ್ಕೇರಿ ತಾಲ್ಲೂಕಿನಲ್ಲಿ, ಘಟಪ್ರಭಾ ನದಿಗೆ. ಪೂರ್ತಿ ತುಂಬಿದಾಗಿನ ಮಟ್ಟ 2,175 ಅಡಿ, ಹಿಡಿಯೋ ನೀರು 51 ಟಿಎಂಸಿ. ಇಲ್ಲಿ ಮೂರು ಬಗೆಯ ಸಂಖ್ಯೆ ಬರ್ತವೆ, ಮೂರನ್ನೂ ಬೇರೆ ಬೇರೆ ಓದಬೇಕು.

ಒಂದು, ಅಡಿ. ಇದು ಸಮುದ್ರ ಮಟ್ಟದಿಂದ ಎಣಿಸಿದ ಎತ್ತರ. 2,175 ಅಡಿ ಆಳದ ನೀರು ಅಂತಲ್ಲ!

ಎರಡು, ಟಿಎಂಸಿ. ಇದು ಒಟ್ಟು ನೀರಿನ ಗಾತ್ರ. ಒಂದು ಟಿಎಂಸಿ ಅಂದ್ರೆ 100 ಕೋಟಿ ಘನ ಅಡಿ.

ಮೂರು, ಕ್ಯೂಸೆಕ್ಸ್. ಇದು ಹರಿವು. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್.

ಎರಡನೆಯದಕ್ಕೂ ಮೂರನೆಯದಕ್ಕೂ ಸಂಬಂಧ ಹುಡುಕೋದು ಸುಲಭ. ದಿನಕ್ಕೆ 86,400 ಸೆಕೆಂಡು. 100 ಕೋಟಿಯನ್ನ 86,400ರಿಂದ ಭಾಗಿಸಿದರೆ ಸುಮಾರು 11,574. ಅಂದ್ರೆ 11,574 ಕ್ಯೂಸೆಕ್ಸ್ ನೀರು ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿ. ಈ ಒಂದು ಸಂಖ್ಯೆ ನೆನಪಿಟ್ಟರೆ ಮಳೆಗಾಲದ ಯಾವ ಮೆಸೇಜನ್ನೂ ಚೆಕ್ ಮಾಡಬಹುದು.

ನದಿ ದಂಡೆಯವರಿಗೆ ಬೇಕಾದದ್ದು ಮುಖ್ಯವಾಗಿ ಹರಿವು: ಎಷ್ಟು ಕ್ಯೂಸೆಕ್ಸ್ ಬಿಟ್ಟರು, ಎಷ್ಟೊತ್ತಿಗೆ ಬಿಟ್ಟರು. ಅದೂ ಸಾಲದು. ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಘಟಪ್ರಭೆಗೆ ಸೇರೋದು ಹಿಡಕಲ್‌ನಿಂದ ಕೆಳಗೆ. ಡ್ಯಾಂನಿಂದ ಕಡಿಮೆ ಬಿಟ್ಟರೂ ಆ ಎರಡು ತುಂಬಿ ಬಂದರೆ ಗೋಕಾಕಕ್ಕೆ ನೀರು ಬರ್ತದೆ. 2019ರ ಆಗಸ್ಟ್‌ನಲ್ಲಿ ಗೋಕಾಕಕ್ಕೆ ನೀರು ನುಗ್ಗಿ, ಲೋಳಸೂರ ಸೇತುವೆ ಮುಳುಗಿದ್ದನ್ನ ನಮ್ಮ ಕಡೆಯವರು ಮರೆತಿಲ್ಲ. ಅದಕ್ಕೇ ಪ್ರತಿ ವರ್ಷ ಮಳೆ ಶುರುವಾದ ಕೂಡಲೆ ಹಳೆ ವಿಡಿಯೊ ಮತ್ತೆ ಎದ್ದು ಬಂದರೆ ಜನ ನಂಬೋದು ಸಹಜ. ಹೆದರಿಕೆಗೆ ಕಾರಣ ಇದೆ. ಆದರೆ 2019ರ ವಿಡಿಯೊವನ್ನ ತಾರೀಖು ಇಲ್ಲದೆ ಹಾಕಿದರೆ ಎರಡು ನಷ್ಟ: ಇವತ್ತು ಸುಮ್ಮನೆ ಓಡ್ತಾರೆ, ನಾಳೆ ನಿಜವಾಗಿ ನೀರು ಬಂದಾಗ "ಇದೂ ಹಳೇದs ಇರ್ಬೇಕು" ಅಂತ ಕೂತುಬಿಡ್ತಾರೆ. ಎರಡನೆಯದು ಜೀವಕ್ಕೇ ಕುತ್ತು.

ಪಾಠ 3: ಮುರ್ಕಿ

ಕಬ್ಬಿನ ದರದಲ್ಲಿ ಯೂನಿಟ್ ಬಿದ್ದರೆ ಜಗಳ ಆಗ್ತದೆ. ಮನುಷ್ಯರ ಬಗ್ಗೆ ಬರೆದಾಗ ಬಿದ್ದರೆ ಏನಾಗ್ತದೆ ಅಂತ ಇಂಜಿನಿಯರಿಂಗ್ ಓದೋ ನಾವು ಗೊತ್ತು ಮಾಡಿಕೊಳ್ಳಲೇಬೇಕು.

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಮೆಸೇಜ್ ದೇಶದ ತುಂಬ ಓಡಾಡ್ತಿತ್ತು. ಆ ವರ್ಷ ಜುಲೈ 13ಕ್ಕೆ ಹೈದರಾಬಾದಿನಿಂದ ಕೆಲವು ಗೆಳೆಯರು ಕಾರಿನಲ್ಲಿ ಬೀದರ್ ಜಿಲ್ಲೆಯ ಹಳ್ಳಿಗಳ ಕಡೆ ಬಂದಿದ್ದರು. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅದನ್ನ ಕಂಡವರಿಗೆ ಅನುಮಾನ ಬಂತು, ಮಾತಿಗೆ ಮಾತು ಬೆಳೀತು, ಅವರು ಕಾರು ಹತ್ತಿ ಹೊರಟರು. ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಕಾರಿಗಿಂತ ಮೊದಲೇ ಮುಂದಿನ ಊರು ಮುರ್ಕಿ ಮುಟ್ಟಿತ್ತು. ಅಲ್ಲಿ ಜನ ರಸ್ತೆಗೆ ಅಡ್ಡ ಹಾಕಿ ಕಾಯ್ತಿದ್ದರು. ಹೊಡೆತಕ್ಕೆ ಒಬ್ಬರು ಸತ್ತರು, ಉಳಿದವರಿಗೆ ಗಾಯ. ಸತ್ತವರು ಸಾಫ್ಟ್‌ವೇರ್ ಇಂಜಿನಿಯರ್. ಬಿಡಿಸೋಕೆ ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಗ್ರೂಪಿನ ಅಡ್ಮಿನ್ ಸೇರಿ ಮೂವತ್ತಕ್ಕೂ ಹೆಚ್ಚು ಜನರನ್ನ ಹಿಡಿದರು.

ನಾಲ್ಕು ಪ್ರಶ್ನೆಗಳನ್ನ ಆ ಮೆಸೇಜಿಗೆ ಹಾಕಿ ನೋಡಿ. ಯಾರ ಮಗು ಕಳೆದಿದೆ? ಯಾವ ಮಗುವೂ ಕಳೆದಿರಲಿಲ್ಲ. ಒಂದೇ ಪ್ರಶ್ನೆ ಸಾಕಿತ್ತು. ಮುರ್ಕಿಯವರು ನಮ್ಮ ನಿಮ್ಮ ಊರಿನವರಿಗಿಂತ ಕೆಟ್ಟವರೇನಲ್ಲ, ಮಕ್ಕಳನ್ನ ಕಾಯಬೇಕು ಅಂತಲೇ ಹೊರಗೆ ಬಂದಿರ್ತಾರೆ. ಇದೇ ನಮ್ಮನ್ನ ಹೆದರಿಸೋ ಸಂಗತಿ.

ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಒಂದು ಮೆಸೇಜನ್ನ ಒಮ್ಮೆಗೆ ಐದು ಚಾಟ್‌ಗಿಂತ ಹೆಚ್ಚಿಗೆ ಫಾರ್ವರ್ಡ್ ಮಾಡದ ಹಾಗೆ ಮಿತಿ ತರ್ತೀವಿ ಅಂತು. 2020ರ ಏಪ್ರಿಲ್‌ನಿಂದ ಎರಡು ಬಾಣದ ಗುರುತು ಇರೋ ಮೆಸೇಜ್, ಅಂದ್ರೆ ಬಹಳ ಸಲ ಕೈ ಬದಲಿಸಿದ್ದು, ಒಮ್ಮೆಗೆ ಒಂದೇ ಚಾಟ್‌ಗೆ ಹೋಗ್ತದೆ. ಟೆಕ್ನಾಲಜಿ ಮಾಡಬಹುದಾದದ್ದು ಇಷ್ಟು: ವೇಗ ತಗ್ಗಿಸೋದು. 2016ರಿಂದ ಮೆಸೇಜ್‌ಗಳೆಲ್ಲ ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ ಆಗಿರ್ತವೆ. ನಡುವೆ ಕಂಪನಿಯವರೂ ಓದೋಕಾಗಲ್ಲ. ಆದ್ದರಿಂದ ಮೆಸೇಜಿನ ಫಿಲ್ಟರ್ ಇರೋದು ಎರಡು ತುದಿಯಲ್ಲಿ ಮಾತ್ರ, ಕಳಿಸೋ ಕೈಯಲ್ಲಿ ಮತ್ತು ಓದೋ ಕಣ್ಣಲ್ಲಿ. ಎರಡು ಬಾಣ ಕಂಡರೆ "ಇದನ್ನ ಕಳಿಸಿದವರು ಇದನ್ನ ನೋಡಿದವರಲ್ಲ" ಅಂತ ಓದಿಕೊಳ್ಳಿ.

ರಾಜಕೀಯ ಬಂದಾಗ

"ಗ್ರೂಪಿನಲ್ಲಿ ರಾಜಕೀಯ ಬೇಡ" ಅಂತ ಅಡ್ಮಿನ್‌ಗಳು ಬರೀತಾರೆ. ಆದರೆ ನೀರು, ಕರೆಂಟು, ಕಬ್ಬು, ರಸ್ತೆ ಎಲ್ಲಾ ರಾಜಕೀಯವೇ. ಅದನ್ನ ಬಿಟ್ಟರೆ ಉಳಿಯೋದು ಗುಡ್ ಮಾರ್ನಿಂಗ್ ಹೂವು. ನಮ್ಮ ಅಭಿಪ್ರಾಯ ಏನಂದ್ರೆ, ಮಾತು ಕೆಲಸದ ಮೇಲೆ ಇರಲಿ, ಮನೆತನದ ಮೇಲೆ ಬೇಡ. "ನಿಮ್ಮವರು ಏನೂ ಮಾಡ್ಲಿಲ್ಲ" ಅನ್ನೋದಕ್ಕೆ ಉತ್ತರ ಇಲ್ಲ, ಬೈಗುಳ ಮಾತ್ರ ಇದೆ. "ನಮ್ಮ ಓಣಿ ಗಟಾರ ಎರಡು ತಿಂಗಳಿಂದ ತುಂಬೈತಿ, ಯಾವಾಗ ತೆಗಸ್ತೀರಿ?" ಅಂದ್ರೆ ಯಾವ ಪಕ್ಷದ ಮೆಂಬರ್ ಇದ್ದರೂ ಉತ್ತರ ಕೊಡಬೇಕು.

ಇನ್ನೊಂದು ಮಾತು. ಎಲೆಕ್ಷನ್ ಮುಗಿದ ಮೇಲೂ ನೆರೆಯವರು ನೆರೆಯವರೇ. ಗ್ರೂಪಿನಲ್ಲಿ ಬೈದಾಡಿದ ಇಬ್ಬರೇ ಮರುದಿನ ಕಾಲುವೆ ನೀರಿನ ಪಾಳಿ ಹಂಚಿಕೊಳ್ಳಬೇಕು. ಫೇಸ್ ಕಾಣದ ಜಾಗದಲ್ಲಿ ಆಡಿದ ಮಾತಿನ ಬೆಲೆಯನ್ನ ಮುಖ ಕಾಣೋ ಜಾಗದಲ್ಲಿ ಕೊಡಬೇಕಾಗ್ತದೆ. ದೊಡ್ಡವರಿಗೆ ಸರಿ ಮಾಡಿ ಹೇಳುವಾಗಲೂ ಹಿಂಗೇ. ಎಲ್ಲರ ಮುಂದೆ "ಫೇಕ್ ಐತಿ" ಅಂತ ಹೊಡೆದ ಹಾಗೆ ಬರೆದರೆ ಕಾಕಾ ಇನ್ನೊಮ್ಮೆ ಮಾತಾಡಲ್ಲ. "ಕಾಕಾ, ಇದು ಯಾವತ್ತಿಂದ ಐತಿ ನೋಡ್ರಿ, ನಂಗ 2019ರದ ಅನಸ್ತೈತಿ" ಅಂತ ಕೇಳಿದರೆ ಅವರೇ ಡಿಲೀಟ್ ಮಾಡ್ತಾರೆ. ಬೇಕಿದ್ದರೆ ಪ್ರೈವೇಟ್ ಆಗಿ ಬರೀರಿ, ಇನ್ನೂ ಛಲೋ.

ಗ್ರೂಪಿನಿಂದ ಪಂಚಾಯ್ತಿಗೆ

ಕೊನೆಯ ಭಾಗ. ಗ್ರೂಪಿನಲ್ಲಿ ಬರೆದದ್ದು ದೂರು ಆಗೋದಿಲ್ಲ. ನಲವತ್ತು ಜನ "ಹೌದ್ರಿ" ಅಂದರೂ ಆಫೀಸಿನ ರಿಜಿಸ್ಟರ್‌ನಲ್ಲಿ ಒಂದು ಸಾಲೂ ಏರೋದಿಲ್ಲ. ಕರೆಂಟಿನ ದೂರು ಹೆಸ್ಕಾಂಗೆ 1912ಕ್ಕೆ ಫೋನ್ ಮಾಡಿ ಕೊಟ್ಟು ನಂಬರ್ ತಗೊಂಡರೆ ದೂರು ಆಗ್ತದೆ. ಪಂಚಾಯ್ತಿಯ ಕೆಲಸಕ್ಕೆ ಪಿಡಿಒ ಅವರಿಗೆ ಅರ್ಜಿ ಬರೆದು, ಸ್ವೀಕೃತಿ ತಗೋಬೇಕು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ವಾರ್ಡ್ ಸಭೆ, ಗ್ರಾಮ ಸಭೆ ನಡೀಬೇಕು. ಅಲ್ಲಿ ಆಡಿದ ಮಾತು ನಡಾವಳಿಯಲ್ಲಿ ಉಳೀತದೆ. ಗ್ರೂಪಿನಲ್ಲಿ ಆಡಿದ್ದು ಸ್ಕ್ರಾಲ್ ಆಗಿ ಮೇಲೆ ಹೋಗ್ತದೆ.

ಹಂಗಂತ ಗ್ರೂಪು ದಂಡ ಅಂತಲ್ಲ. ಸಭೆ ಯಾವತ್ತು ಅಂತ ಎಲ್ಲರಿಗೂ ಮುಟ್ಟಿಸೋಕೆ, ಯಾವ ಓಣಿಗೆ ನೀರು ಬಂದಿಲ್ಲ ಅಂತ ಒಂದು ವಾರದ ಪಟ್ಟಿ ಮಾಡೋಕೆ ಇದಕ್ಕಿಂತ ಸುಲಭದ ಸಾಧನ ಇಲ್ಲ. ದೂರದಲ್ಲಿರೋ ನಾವೂ ಇಷ್ಟು ಮಾಡಬಹುದು: ಚದುರಿದ ಮೆಸೇಜ್‌ಗಳನ್ನ ತಾರೀಖು, ಓಣಿ, ಸಮಸ್ಯೆ ಅಂತ ಮೂರು ಕಾಲಮ್ಮಿನ ಶೀಟ್ ಮಾಡಿ ಊರಿನವರ ಕೈಗೆ ಕೊಡೋದು. ಇದಕ್ಕೆ ಕೋಡಿಂಗ್ ಬೇಡ, ಭಾನುವಾರದ ಒಂದು ತಾಸು ಸಾಕು.

ಅಭ್ಯಾಸ

1. ನಿಮ್ಮ ಊರಿನ ಗ್ರೂಪಿನಿಂದ ಹತ್ತು ಮೆಸೇಜ್ ಆರಿಸಿ. ಯಾರು, ಯಾವತ್ತು, ಎಲ್ಲಿ, ಯಾವ ಲೆಕ್ಕ: ನಾಲ್ಕಕ್ಕೂ ಒಂದೊಂದು ಮಾರ್ಕ್ ಕೊಡಿ. ನೀವು ಕಳಿಸಿದ ಒಂದು ಮೆಸೇಜ್ ಅದರಲ್ಲಿ ಇರಲೇಬೇಕು.

2. ಡ್ಯಾಂನಿಂದ 30,000 ಕ್ಯೂಸೆಕ್ಸ್ ನೀರು ಎರಡು ದಿನ ಬಿಟ್ಟರೆ ಎಷ್ಟು ಟಿಎಂಸಿ ಹರಿದಂತಾಯಿತು? (ಉತ್ತರ ಸುಮಾರು 5.2. ಲೆಕ್ಕ ನೀವೇ ಮಾಡಿ, ಯೂನಿಟ್ ಮರೀಬೇಡಿ.)

3. ನಿಮ್ಮ ಪಂಚಾಯ್ತಿಯ ಮುಂದಿನ ಗ್ರಾಮ ಸಭೆ ಯಾವತ್ತು? ಗೊತ್ತಿಲ್ಲದಿದ್ದರೆ ಗ್ರೂಪಿನಲ್ಲೇ ಕೇಳಿ. ಉತ್ತರ ಕೊಟ್ಟವರಿಗೆ "ಯಾರು ಹೇಳಿದ್ರು ಅಣ್ಣಾರ?" ಅಂತ ಇನ್ನೊಂದು ಪ್ರಶ್ನೆ ಕೇಳಿ.

ಮೂರನೆಯದರ ಉತ್ತರ ಸಿಕ್ಕವರು ನಮ್ಮ ಬಳಗಕ್ಕೆ ಬರೆದು ತಿಳಿಸಿ. ತಾರೀಖಿನ ಜೊತೆಗೆ.